ಹೆಂಗಸರಿಗೆ ಹೆಂಗಸರೇ ಮಾಡುವ ಕಪ್ಪಿಂಗ್: ಹೋಗುವ ಮುಂಚೆ ಕೇಳಬೇಕಾದ್ದು, ಹೋದಾಗ ನೋಡಬೇಕಾದ್ದು

"ಕಪ್ಪಿಂಗ್ ಮಾಡಿಸಿಕೊಳ್ಳಬೇಕು ಅಂತಿದೆ, ಆದರೆ ಮಾಡುವವರು ಹೆಂಗಸರೇ ಆಗಿರಬೇಕು, ಹೇಗೆ ಹುಡುಕುವುದು?" ಈ ಪ್ರಶ್ನೆ ಬರುತ್ತಲೇ ಇದೆ. ಅದರ ಹಿಂದೆಯೇ ಇನ್ನೊಂದಷ್ಟು: ಮುಟ್ಟಾಗಿರುವಾಗ ಮಾಡಿಸಬಹುದಾ, ಬಟ್ಟೆ ಎಷ್ಟು ತೆಗೆಯಬೇಕು, ಕಲೆ ಎಷ್ಟು ದಿನ ಇರುತ್ತದೆ, ಮಗುವಿಗೆ ಹಾಲು ಕುಡಿಸುತ್ತಿದ್ದರೆ ಏನು ಮಾಡುವುದು. ಎಲ್ಲವನ್ನೂ ಒಂದೇ ಕಡೆ, ಹಂತ ಹಂತವಾಗಿ ಬರೆದಿದ್ದೇನೆ.

ಶುರುವಿನಲ್ಲೇ ಒಂದು ಮಾತು. ಬೆನ್ನಿನ ಮೇಲಿನ ಬಟ್ಟೆ ತೆಗೆದು ಅಷ್ಟು ಹೊತ್ತು ಬೋರಲು ಮಲಗಬೇಕಾದ ಚಿಕಿತ್ಸೆ ಇದು. ಹಾಗಾಗಿ ಮಾಡುವವರು ಹೆಂಗಸೇ ಆಗಿರಲಿ ಅನ್ನುವುದು ಪೂರ್ತಿ ನ್ಯಾಯವಾದ ಬೇಡಿಕೆ, ಅದಕ್ಕೆ ಯಾರಿಗೂ ಕಾರಣ ಹೇಳಬೇಕಾಗಿಲ್ಲ. ಆದರೆ ತುಂಬ ಜನ ಆ ಒಂದು ಪ್ರಶ್ನೆ ಕೇಳಿ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಮಾಡುವವರು ಹೆಂಗಸು ಅಂತ ಗೊತ್ತಾದ ಕೂಡಲೇ ಸಮಾಧಾನವಾಗಿ, ಬ್ಲೇಡ್ ಹೊಸದಾ, ಈ ಕಪ್ ಇದಕ್ಕೆ ಮುಂಚೆ ಯಾರ ಮೈಮೇಲೆ ಇತ್ತು ಅಂತ ಕೇಳುವುದೇ ಇಲ್ಲ. ಸಂಕೋಚ ಕಳೆಯುವುದು ಬೇರೆ, ಸೋಂಕು ತಡೆಯುವುದು ಬೇರೆ. ನಿಮಗೆ ಎರಡೂ ಬೇಕು.

ಮೊದಲು, ಇದೇನು ಅಂತ ಸ್ವಲ್ಪ

ಚರ್ಮದ ಮೇಲೆ ಸಣ್ಣ ಬಟ್ಟಲಿನಂಥ ಕಪ್ ಇಟ್ಟು ಒಳಗಿನ ಗಾಳಿ ತೆಗೆಯುತ್ತಾರೆ. ಆಗ ಚರ್ಮ ಮತ್ತು ಅದರ ಕೆಳಗಿನ ಮೆತ್ತನೆಯ ಭಾಗ ಕಪ್ಪಿನೊಳಗೆ ಎಳೆದುಕೊಂಡು ಉಬ್ಬುತ್ತದೆ, ಅಲ್ಲಿಗೆ ರಕ್ತ ಜಾಸ್ತಿ ಬರುತ್ತದೆ. ಹಳೆಯ ಕಾಲದಿಂದಲೂ ಹಲವು ನಾಡುಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿ ಇದು ನಡೆದುಬಂದಿದೆ. ಸುಶ್ರುತ ಸಂಹಿತೆಯಲ್ಲಿ ಪ್ರಾಣಿಯ ಕೊಂಬು ಮತ್ತು ಸೋರೆಬುರುಡೆ ಇಟ್ಟು ರಕ್ತ ತೆಗೆಯುವ ವಿವರ ಇದೆ. ಅರಬ್ ಮತ್ತು ಯುನಾನಿ ಪದ್ಧತಿಯಲ್ಲಿ ಇದೇ ಹಿಜಾಮಾ. ಚೀನಾದ ವೈದ್ಯದಲ್ಲೂ ಇದೆ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಭುಜದ ಮೇಲಿನ ದುಂಡನೆಯ ಕಲೆಗಳನ್ನು ಟೀವಿಯಲ್ಲಿ ನೋಡಿದ ಮೇಲೆ ಇದರ ಬಗ್ಗೆ ಕೇಳುವವರು ಎಲ್ಲ ಕಡೆ ಹೆಚ್ಚಾದರು.

ನಿಮ್ಮ ಕಿವಿಗೆ ಬೀಳುವ ಹೆಸರುಗಳು ಇವು:

ಡ್ರೈ ಕಪ್ಪಿಂಗ್ ಅಂದರೆ ಬರೀ ಎಳೆತ. ಗೀರುವುದಿಲ್ಲ, ರಕ್ತ ಹೊರಗೆ ಬರುವುದಿಲ್ಲ.

ಮೂವಿಂಗ್ ಅಥವಾ ಮಸಾಜ್ ಕಪ್ಪಿಂಗ್ ಅಂದರೆ ಎಣ್ಣೆ ಹಚ್ಚಿ, ಅಂಟಿಕೊಂಡಿರುವ ಕಪ್ ಅನ್ನು ಬೆನ್ನಿನ ಮೇಲೆ ಮೆಲ್ಲಗೆ ಜಾರಿಸುವುದು.

ಫೈರ್ ಕಪ್ಪಿಂಗ್‌ನಲ್ಲಿ ಗಾಜಿನ ಕಪ್ ಒಳಗೆ ಕ್ಷಣಕಾಲ ಬೆಂಕಿ ತೋರಿಸಿ, ಬೆಂಕಿ ತೆಗೆದು, ಕಪ್ ಅನ್ನು ಚರ್ಮಕ್ಕೆ ಇಡುತ್ತಾರೆ. ಒಳಗಿನ ಬಿಸಿ ಗಾಳಿ ತಣಿದಂತೆ ಎಳೆತ ಹುಟ್ಟುತ್ತದೆ.

ವೆಟ್ ಕಪ್ಪಿಂಗ್‌ನಲ್ಲಿ ಮೊದಲು ಕೆಲವು ನಿಮಿಷ ಕಪ್ ಇಟ್ಟು, ತೆಗೆದು, ಅದೇ ಜಾಗದಲ್ಲಿ ಚರ್ಮದ ಮೇಲ್ಪದರಕ್ಕೆ ಬ್ಲೇಡಿನಿಂದ ಸಣ್ಣ ಸಣ್ಣ ಗೀರು ಹಾಕಿ, ಮತ್ತೆ ಕಪ್ ಇಟ್ಟು ಸ್ವಲ್ಪ ರಕ್ತ ಎಳೆಯುತ್ತಾರೆ. ಹಿಜಾಮಾ ಅಂತ ಬರೀ ಹೆಸರು ಹೇಳಿದರೆ ಸಾಮಾನ್ಯವಾಗಿ ಇದೇ. ಮುಂಗಡ ಬುಕ್ ಮಾಡುವಾಗ "ಡ್ರೈಯಾ, ವೆಟ್ಟಾ" ಅಂತ ಬಾಯಿಬಿಟ್ಟು ಕೇಳಿ. ಒಂದನ್ನು ಅಂದುಕೊಂಡು ಹೋಗಿ ಇನ್ನೊಂದನ್ನು ಮಾಡಿಸಿಕೊಂಡು ಬರುವುದು ಬೇಡ.

1. ನಿಮಗೆ ಇದು ಬೇಕಾ ಅಂತ ಮೊದಲು ನೋಡಿಕೊಳ್ಳಿ

ಕುತ್ತಿಗೆ ನೋವು, ಭುಜದ ಬಿಗಿತ, ಸೊಂಟ ನೋವು. ಇವುಗಳಿಗೆ ಕಪ್ಪಿಂಗ್‌ನಿಂದ ಸ್ವಲ್ಪ ದಿನದ ಮಟ್ಟಿಗೆ ಆರಾಮ ಸಿಗಬಹುದು ಅಂತ ಹೇಳುವ ಅಧ್ಯಯನಗಳಿವೆ. ಅವು ತುಂಬ ಗಟ್ಟಿಯಾದ ಅಧ್ಯಯನಗಳಲ್ಲ, ಯಾಕಂದರೆ ಕಪ್ ಇಟ್ಟಿದ್ದಾರೋ ಇಲ್ಲವೋ ಅಂತ ಮಾಡಿಸಿಕೊಂಡವರಿಗೆ ಗೊತ್ತಾಗದ ಹಾಗೆ ಪರೀಕ್ಷೆ ಮಾಡುವುದೇ ಕಷ್ಟ. ಆದರೂ ಬಿಗಿದ ಸ್ನಾಯು ಸಡಿಲವಾಗಲಿ ಅಂತ ಹೋಗುವುದರಲ್ಲಿ ತಪ್ಪಿಲ್ಲ.

ಹೆಂಗಸರಿಗೆ ಮಾರುವ ಜಾಹೀರಾತುಗಳಲ್ಲಿ ಬೇರೆಯೇ ಪಟ್ಟಿ ಇರುತ್ತದೆ: ಪಿಸಿಓಎಸ್, ಬಂಜೆತನ, ಥೈರಾಯ್ಡ್, ಗರ್ಭಕೋಶದ ಗಡ್ಡೆ, ತೂಕ ಇಳಿಕೆ. ಇವು ಕಪ್ಪಿಂಗ್‌ನಿಂದ ವಾಸಿಯಾಗುತ್ತವೆ ಅನ್ನಲು ನಂಬುವಂಥ ಆಧಾರ ಇಲ್ಲ. ಮಗುವಿಗಾಗಿ ಕಾಯುತ್ತಿರುವವರ ಹತ್ತಿರ "ಏಳು ಸಲ ಮಾಡಿಸಿ, ಬಸಿರು ನಿಲ್ಲುತ್ತೆ" ಅಂತ ಹೇಳುವುದು ಕ್ರೂರ. ಅಷ್ಟರಲ್ಲಿ ಕಳೆದುಹೋಗುವುದು ದುಡ್ಡಷ್ಟೇ ಅಲ್ಲ, ಸರಿಯಾದ ಚಿಕಿತ್ಸೆಗೆ ಸಿಗಬೇಕಾಗಿದ್ದ ಸಮಯವೂ ಹೋಗುತ್ತದೆ.

"ಕೆಟ್ಟ ರಕ್ತ ಹೊರಗೆ ಬರುತ್ತದೆ" ಅನ್ನುವ ಮಾತಿಗೂ ಹೆದರಬೇಡಿ. ಕಪ್ಪಿನಲ್ಲಿ ಕಾಣುವ ಕಪ್ಪುಕೆಂಪು ಗಟ್ಟಿ ಪದಾರ್ಥ ನಿಮ್ಮದೇ ಒಳ್ಳೆಯ ರಕ್ತ. ಹೊರಗೆ ಬಂದ ಮೇಲೆ ಹೆಪ್ಪುಗಟ್ಟಿರುತ್ತದೆ, ಅಷ್ಟೇ. ಯಾರ ಮೈಯಿಂದ ತೆಗೆದರೂ ಹಾಗೇ ಕಾಣುತ್ತದೆ. ಅದನ್ನು ತೋರಿಸಿ "ನೋಡಿ ಎಷ್ಟು ವಿಷ ಇತ್ತು" ಅಂದರೆ ನಂಬಬೇಡಿ.

ಕೆಲವು ತೊಂದರೆಗಳಿಗೆ ಕಪ್ಪಿಂಗ್ ಯೋಚನೆಯೇ ಬೇಡ, ನೇರ ಡಾಕ್ಟರ್ ಹತ್ತಿರ ಹೋಗಿ. ಸ್ತನದಲ್ಲಿ ಗಂಟು, ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತಸ್ರಾವ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಾಣಿಸಿಕೊಳ್ಳುವುದು, ಎದೆನೋವು, ಇದ್ದಕ್ಕಿದ್ದ ಹಾಗೆ ಬಂದ ಭಯಂಕರ ತಲೆನೋವು, ಸೊಂಟ ನೋವಿನ ಜೊತೆ ಕಾಲಿಗೆ ಬಲ ಇಲ್ಲದಿರುವುದು ಅಥವಾ ಮೂತ್ರ ಹಿಡಿತ ತಪ್ಪುವುದು.

2. ನೀವು ಮಾಡಿಸಬಾರದವರ ಪಟ್ಟಿಯಲ್ಲಿ ಇದ್ದೀರಾ?

ಈ ಹಂತವನ್ನು ಹಾರಿಸಬೇಡಿ. ಚಿಕಿತ್ಸಕಿ ಕೇಳದಿದ್ದರೂ ನೀವೇ ಹೇಳಬೇಕಾದ ವಿಷಯಗಳಿವು.

ಬಸುರಿಯಾಗಿದ್ದರೆ ಬೇಡ. ಹೊಟ್ಟೆ ಮತ್ತು ಕೆಳಬೆನ್ನಿನ ಮೇಲೆ ಕಪ್ ಇಡುವುದಂತೂ ಬೇಡವೇ ಬೇಡ, ವೆಟ್ ಕಪ್ಪಿಂಗ್ ಕೂಡ ಅಷ್ಟೇ. ಮುಟ್ಟು ತಡವಾಗಿದ್ದು ಬಸಿರು ಇರಬಹುದಾ ಅನ್ನುವ ಅನುಮಾನ ಇದ್ದರೆ ಮೊದಲು ಪರೀಕ್ಷೆ ಮಾಡಿಕೊಂಡು ಆಮೇಲೆ ದಿನ ಗೊತ್ತು ಮಾಡಿ.

ರಕ್ತಹೀನತೆ ಇದ್ದರೆ ವೆಟ್ ಕಪ್ಪಿಂಗ್ ಬೇಡ. ಇದು ಹೆಂಗಸರ ವಿಷಯದಲ್ಲಿ ತುಂಬ ಮುಖ್ಯ, ಯಾಕಂದರೆ ತಿಂಗಳು ತಿಂಗಳು ಜಾಸ್ತಿ ಮುಟ್ಟಾಗುವವರಲ್ಲಿ ಹಲವರಿಗೆ ತಮಗೆ ರಕ್ತ ಕಡಿಮೆ ಇದೆ ಅಂತ ಗೊತ್ತೇ ಇರುವುದಿಲ್ಲ. ಬಸುರಿಯಲ್ಲದ ಹೆಂಗಸರಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. (ಇದು 100 ಮಿಲಿಲೀಟರ್ ರಕ್ತಕ್ಕೆ, ಲ್ಯಾಬ್ ವರದಿಯಲ್ಲಿ ಸಾಮಾನ್ಯವಾಗಿ ಹೀಗೇ ಬರೆದಿರುತ್ತಾರೆ.) ಸುಸ್ತು, ತಲೆಸುತ್ತು, ಕೂದಲು ಉದುರುವುದು ಅಂತ ಹೋಗಿ ಕಪ್ಪಿಂಗ್‌ನಲ್ಲಿ ಇನ್ನಷ್ಟು ರಕ್ತ ಕಳೆದುಕೊಂಡು ಬರುವುದು ಯಾವ ನ್ಯಾಯ? ಪದೇ ಪದೇ ವೆಟ್ ಕಪ್ಪಿಂಗ್ ಮಾಡಿಸಿಕೊಂಡು ರಕ್ತಹೀನತೆ ಬಂದ ಪ್ರಕರಣಗಳನ್ನು ವೈದ್ಯರು ದಾಖಲಿಸಿದ್ದಾರೆ. ಮೊದಲ ಸಲ ಹೋಗುವ ಮುಂಚೆ ಒಂದು ರಕ್ತಪರೀಕ್ಷೆ ಮಾಡಿಸಿ, ಸುಲಭದ ಕೆಲಸ.

ರಕ್ತ ತೆಳುವಾಗಿಸುವ ಮಾತ್ರೆ, ಅಂದರೆ ವಾರ್ಫರಿನ್, ಕ್ಲೋಪಿಡೋಗ್ರೆಲ್, ದಿನಾ ತೆಗೆದುಕೊಳ್ಳುವ ಆಸ್ಪಿರಿನ್ ಇಂಥವು ನಡೆಯುತ್ತಿದ್ದರೆ ಅಥವಾ ರಕ್ತ ಹೆಪ್ಪುಗಟ್ಟದ ಕಾಯಿಲೆ ಇದ್ದರೆ ಬೇಡ. ಕಪ್ಪಿಂಗ್‌ಗಾಗಿ ಆ ಮಾತ್ರೆ ನಿಲ್ಲಿಸುವುದು ಅದಕ್ಕಿಂತ ಅಪಾಯ.

ಹತೋಟಿಗೆ ಬರದ ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಪೇಸ್‌ಮೇಕರ್, ಮೂರ್ಛೆರೋಗ, ನಡೆಯುತ್ತಿರುವ ಕ್ಯಾನ್ಸರ್ ಚಿಕಿತ್ಸೆ, ಇತ್ತೀಚೆಗೆ ಆದ ಆಪರೇಷನ್, ಇವು ಯಾವುದಿದ್ದರೂ ನಿಮ್ಮನ್ನು ನೋಡುತ್ತಿರುವ ಡಾಕ್ಟರ್ ಒಪ್ಪದೆ ಹೋಗಬೇಡಿ. ಸಿಸೇರಿಯನ್ ಆಗಿದ್ದರೆ ಗಾಯದ ಸುತ್ತಮುತ್ತ ಕಪ್ ಬೇಡ. ಸ್ತನ ಕ್ಯಾನ್ಸರ್‌ಗೆ ಕಂಕುಳಿನ ಗ್ರಂಥಿ ತೆಗೆಸಿದ್ದರೆ ಆ ಕಡೆಯ ತೋಳಿನ ಮೇಲೆ ಕಪ್ ಇಡಬಾರದು, ಆ ತೋಳು ಊದಿಕೊಳ್ಳುವ ಅಪಾಯ ಮೊದಲೇ ಇರುತ್ತದೆ. ಕಾಲಿನ ಉಬ್ಬಿದ ನರಗಳ ಮೇಲೂ ಇಡಬಾರದು.

ಚರ್ಮದ ವಿಷಯಕ್ಕೆ ಬಂದರೆ, ಸೋರಿಯಾಸಿಸ್ ಇರುವವರಿಗೆ ಕಪ್ ಇಟ್ಟ ಜಾಗದಲ್ಲೇ ಹೊಸದಾಗಿ ಸೋರಿಯಾಸಿಸ್ ಏಳಬಹುದು. ಗಾಯ ಆದಲ್ಲೆಲ್ಲ ಚರ್ಮ ದಪ್ಪಗೆ ಉಬ್ಬಿ ನಿಲ್ಲುವವರು ಇರುತ್ತಾರಲ್ಲ, ಅದಕ್ಕೆ ಕೀಲಾಯ್ಡ್ ಅನ್ನುತ್ತಾರೆ, ಅಂಥವರು ವೆಟ್ ಕಪ್ಪಿಂಗ್ ಕಡೆ ಹೋಗಲೇಬಾರದು. ಕಿವಿ ಚುಚ್ಚಿಸಿದ ಜಾಗ ಗಂಟಾಗಿದ್ದರೆ ಅದೇ ನಿಮಗೆ ಎಚ್ಚರಿಕೆ.

ಮುಟ್ಟಿನ ದಿನಗಳ ಬಗ್ಗೆ: ಮೆಲ್ಲಗೆ ಮಾಡುವ ಡ್ರೈ ಕಪ್ಪಿಂಗ್ ಭುಜಕ್ಕೆ, ಮೇಲ್ಬೆನ್ನಿಗೆ ಆದರೆ ದೊಡ್ಡ ತೊಂದರೆ ಇಲ್ಲ. ವೆಟ್ ಅನ್ನು ಮಾತ್ರ ಮುಟ್ಟು ಮುಗಿದು ಸ್ವಲ್ಪ ದಿನ ಆದ ಮೇಲೆ ಇಟ್ಟುಕೊಳ್ಳಿ. ಒಂದೇ ವಾರದಲ್ಲಿ ಎರಡು ಕಡೆಯಿಂದ ರಕ್ತ ಹೋಗುವುದು ಯಾಕೆ?

ಬಾಣಂತಿಯರು ಆರಾಮಾಗಿ ಕಾಯಿರಿ. ಹೆರಿಗೆಯಲ್ಲಿ ಹೋದ ರಕ್ತ ಮೊದಲು ತುಂಬಿಕೊಳ್ಳಲಿ. ಹಾಲು ಕುಡಿಸುತ್ತಿರುವವರಿಗೆ ಮುಖ್ಯ ಮಾತು ಏನೆಂದರೆ, ಸ್ತನದ ಮೇಲೆ ಕಪ್ ಇಡಲು ಯಾವ ಕಾರಣಕ್ಕೂ ಬಿಡಬೇಡಿ. "ಹಾಲು ಜಾಸ್ತಿ ಆಗುತ್ತೆ" ಅಂದರೂ ಬೇಡ.

3. ಹುಡುಕುವುದು, ಮತ್ತು ಫೋನಿನಲ್ಲೇ ಕೇಳಿಬಿಡುವುದು

ಯುನಾನಿ, ಆಯುರ್ವೇದ ಅಥವಾ ಅಕ್ಯುಪಂಕ್ಚರ್ ಓದಿದ ಮಹಿಳಾ ವೈದ್ಯರು, ಕಪ್ಪಿಂಗ್ ಕಲಿತ ಮಹಿಳಾ ಫಿಸಿಯೋಥೆರಪಿಸ್ಟ್‌ಗಳು, ಇವರಿಂದ ಹುಡುಕಾಟ ಶುರು ಮಾಡಿ. ಮೈಯ ರಚನೆ, ರಕ್ತನಾಳ ಎಲ್ಲಿದೆ, ಸೋಂಕು ಹೇಗೆ ಹರಡುತ್ತದೆ ಅಂತ ವರ್ಷಗಟ್ಟಲೆ ಓದಿದವರಿಗೂ ಎರಡು ದಿನದ ಶಿಬಿರದಲ್ಲಿ ಸರ್ಟಿಫಿಕೇಟ್ ಪಡೆದವರಿಗೂ ತುಂಬ ವ್ಯತ್ಯಾಸ ಇದೆ. ಗೋಡೆಯ ಮೇಲೆ ಫ್ರೇಮ್ ಹಾಕಿದ್ದಾರೆ ಅಂದ ಮಾತ್ರಕ್ಕೆ ಒಪ್ಪಬೇಡಿ, ಅದರಲ್ಲಿ ಏನು ಬರೆದಿದೆ ಓದಿ.

ಮಾಡಿಸಿಕೊಂಡ ಗೆಳತಿಯರನ್ನು ಕೇಳುವುದು ಒಳ್ಳೆಯದೇ. ಆದರೆ "ಹೇಗಿತ್ತು" ಅಂತ ಕೇಳಿದರೆ "ಸೂಪರ್" ಅಂತ ಉತ್ತರ ಬರುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. "ಬ್ಲೇಡ್ ನಿನ್ನ ಕಣ್ಣೆದುರೇ ಬಿಚ್ಚಿದರಾ? ಬಿಪಿ ನೋಡಿದರಾ? ಯಾರಾದರೂ ನಡುವೆ ಒಳಗೆ ಬಂದರಾ?" ಹೀಗೆ ಕೇಳಿ.

ಈಗ ಫೋನ್. "ಲೇಡಿ ಥೆರಪಿಸ್ಟ್ ಲಭ್ಯ" ಅನ್ನುವ ಬೋರ್ಡನ್ನು ಹಾಗೇ ನಂಬಬೇಡಿ. ಕೆಲವು ಕಡೆ ಆ ಹೆಂಗಸು ಬರೀ ಸಹಾಯಕಿ, ನಿಮ್ಮನ್ನು ಮಲಗಿಸಿ ಬಟ್ಟೆ ಸರಿಪಡಿಸುವುದಷ್ಟೇ ಅವರ ಕೆಲಸ, ಗೀರುವ ಹೊತ್ತಿಗೆ ಗಂಡಸು ಒಳಗೆ ಬರುತ್ತಾರೆ. ನೀವು ಆಗ ಬೋರಲು ಮಲಗಿರುತ್ತೀರಿ, ಬೇಡ ಅನ್ನಲು ಬಾಯಿ ಬರುವುದಿಲ್ಲ. ಆದ್ದರಿಂದ ಹೀಗೇ, ನೇರವಾಗಿ ಕೇಳಿ:

"ಮೇಡಂ, ಕಪ್ ಇಡುವುದರಿಂದ ಹಿಡಿದು ಬ್ಯಾಂಡೇಜ್ ಹಾಕುವವರೆಗೂ ನೀವೇ ಮಾಡುತ್ತೀರಾ? ನಡುವೆ ಗಂಡಸರು ಯಾರಾದರೂ ಒಳಗೆ ಬರುತ್ತಾರಾ?"

"ನೀವು ಎಲ್ಲಿ ಕಲಿತಿದ್ದು, ಎಷ್ಟು ಸಮಯದಿಂದ ಮಾಡುತ್ತಿದ್ದೀರಿ?"

"ವೆಟ್ ಆದರೆ ಕಪ್ ಒಬ್ಬರಿಗೆ ಬಳಸಿ ಬಿಸಾಡುವಂಥದ್ದಾ, ಮತ್ತೆ ಬಳಸುತ್ತೀರಾ? ಮತ್ತೆ ಬಳಸುವುದಾದರೆ ಆಟೋಕ್ಲೇವ್ ಮಾಡುತ್ತೀರಾ?" (ಒತ್ತಡದ ಹಬೆಯಲ್ಲಿ ರೋಗಾಣು ಕೊಲ್ಲುವುದು, ಆರನೇ ಹಂತದಲ್ಲಿ ವಿವರ ಇದೆ.)

"ನನ್ನ ಜೊತೆ ಅಕ್ಕನೋ ಅಮ್ಮನೋ ಕೋಣೆಯಲ್ಲಿ ಇರಬಹುದಾ?"

"ಯಾರಾದರೂ ತಲೆಸುತ್ತಿ ಬಿದ್ದರೆ ಏನು ಮಾಡುತ್ತೀರಿ?"

ಒಳ್ಳೆಯ ಚಿಕಿತ್ಸಕಿಗೆ ಈ ಪ್ರಶ್ನೆಗಳಿಂದ ಬೇಜಾರಾಗುವುದಿಲ್ಲ. ಎಷ್ಟೋ ಜನ ಖುಷಿಯಿಂದಲೇ ವಿವರಿಸುತ್ತಾರೆ. "ಅದೆಲ್ಲ ತಲೆ ಕೆಡಿಸ್ಕೋಬೇಡಿ, ಬನ್ನಿ" ಅಂದರೆ ಹೋಗಬೇಡಿ. ಇನ್ನೂ ಕೆಲವು ಕೆಟ್ಟ ಸೂಚನೆಗಳು: ನಿಮ್ಮ ಕಾಯಿಲೆ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ ಪ್ಯಾಕೇಜ್ ದರ ಹೇಳುವುದು, ಎಲ್ಲ ಕಾಯಿಲೆಗೂ ಇದೊಂದೇ ಮದ್ದು ಅನ್ನುವುದು, ಬಿಪಿ ಅಥವಾ ಸಕ್ಕರೆ ಮಾತ್ರೆ ನಿಲ್ಲಿಸಿ ಅನ್ನುವುದು. ಕೊನೆಯದು ಕೇಳಿಸಿದರೆ ಅಲ್ಲೇ ಫೋನ್ ಇಡಿ.

ತಲೆನೋವಿಗೆ ನೆತ್ತಿ ಮೇಲೆ ಕಪ್ ಇಡುವ ಪದ್ಧತಿ ಇದೆ. ಕೂದಲಿದ್ದರೆ ಕಪ್ ಅಂಟುವುದಿಲ್ಲ, ಹಾಗಾಗಿ ಆ ಜಾಗದಲ್ಲಿ ಬೋಳಿಸುತ್ತಾರೆ. ಇದನ್ನು ಮುಂಚೆಯೇ ಹೇಳದೆ ಟೇಬಲ್ ಮೇಲೆ ಮಲಗಿದ ಮೇಲೆ ಹೇಳುವವರಿದ್ದಾರೆ. ಕೇಳಿಕೊಂಡೇ ಹೋಗಿ.

ಮನೆಗೆ ಬಂದು ಮಾಡುವ ಚಿಕಿತ್ಸಕಿಯರೂ ಇದ್ದಾರೆ. ಮರ್ಯಾದೆ, ಖಾಸಗಿತನ ಎರಡಕ್ಕೂ ಅದು ಅನುಕೂಲ, ನಿಜ. ಆದರೆ ಬಳಸಿದ ಬ್ಲೇಡ್ ಮತ್ತು ರಕ್ತದ ಹತ್ತಿಯನ್ನು ಅವರೇ ಗಟ್ಟಿ ಡಬ್ಬಿಯಲ್ಲಿ ಹಾಕಿಕೊಂಡು ವಾಪಸ್ ಒಯ್ಯಬೇಕು. ನಿಮ್ಮ ಮನೆಯ ಕಸದ ಬುಟ್ಟಿಗೆ ಹಾಕಿದರೆ ನಾಳೆ ಕಸ ಎತ್ತುವವರ ಕೈ ಕೊಯ್ಯುತ್ತದೆ.

4. ಹೋಗುವ ದಿನ

ಪೂರ್ತಿ ಹಸಿದು ಹೋಗಬೇಡಿ, ಹೊಟ್ಟೆ ಬಿರಿಯುವಷ್ಟು ತಿಂದೂ ಹೋಗಬೇಡಿ. ಎರಡು ಗಂಟೆ ಮುಂಚೆ ಹಗುರವಾಗಿ ತಿನ್ನಿ, ನೀರು ಕುಡಿಯಿರಿ. ತಲೆಸುತ್ತು ಬರುವುದು ಖಾಲಿ ಹೊಟ್ಟೆಯವರಿಗೇ ಜಾಸ್ತಿ.

ಬಟ್ಟೆ ಸಡಿಲವಾಗಿರಲಿ, ಗಾಢ ಬಣ್ಣದ್ದಾಗಿರಲಿ, ಹಳೆಯದಾಗಿರಲಿ. ಎಣ್ಣೆ ಅಥವಾ ರಕ್ತದ ಕಲೆ ಆದರೂ ಬೇಸರ ಇರುವುದಿಲ್ಲ. ಮುಂದೆ ಗುಂಡಿ ಇರುವ ಅಂಗಿಯನ್ನು ಹಿಂದುಮುಂದಾಗಿ ಹಾಕಿಕೊಂಡರೆ ಬೆನ್ನು ಮಾತ್ರ ತೆರೆದುಕೊಳ್ಳುತ್ತದೆ, ಮಿಕ್ಕಿದ್ದೆಲ್ಲ ಮುಚ್ಚಿರುತ್ತದೆ. ಹೊದ್ದುಕೊಳ್ಳಲು ನಿಮ್ಮದೇ ಒಂದು ತೆಳು ಬಟ್ಟೆ ಒಯ್ಯಿರಿ. ಬ್ರಾ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ: ವಾಪಸ್ ಬರುವಾಗ ಪಟ್ಟಿ ಸರಿಯಾಗಿ ಗೀರಿನ ಮೇಲೇ ಬರುತ್ತದೆ, ಉಜ್ಜಿ ಉರಿಯುತ್ತದೆ. ಹತ್ತಿಯ ಮೆತ್ತನೆಯ ಸಡಿಲ ಬ್ರಾ ಒಂದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ.

ಹಿಂದಿನ ಒಂದೆರಡು ದಿನ ಬೆನ್ನಿಗೆ ವ್ಯಾಕ್ಸಿಂಗ್, ಶೇವಿಂಗ್ ಬೇಡ. ಅವತ್ತು ಮೈಗೆ ಲೋಷನ್, ಪೌಡರ್ ಹಚ್ಚಬೇಡಿ. ಉದ್ದ ಕೂದಲಿದ್ದರೆ ಮೇಲೆತ್ತಿ ಗಂಟು ಕಟ್ಟಿ. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹೆಸರು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮೊದಲ ಸಲ ಆದರೆ ಜೊತೆಗೆ ಒಬ್ಬರು ಇರಲಿ, ಹಿಂತಿರುಗುವಾಗ ನೀವೇ ಗಾಡಿ ಓಡಿಸದಿದ್ದರೆ ಇನ್ನೂ ಒಳ್ಳೆಯದು.

ಒಂದೆರಡು ವಾರದೊಳಗೆ ಮದುವೆಯೋ ಫಂಕ್ಷನ್ನೋ ಇದ್ದು ಬೆನ್ನು ಕಾಣುವ ಬಟ್ಟೆ ಹಾಕುವವರಿದ್ದರೆ ಈಗ ಬೇಡ, ಮುಂದಕ್ಕೆ ಹಾಕಿ.

5. ಕೋಣೆಯೊಳಗೆ ಹೋದ ಕೂಡಲೇ

ಮಲಗುವ ಮುಂಚೆ ಸುತ್ತ ನೋಡಿ. ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ? ಪರದೆ ಪೂರ್ತಿ ಮುಚ್ಚುತ್ತದಾ? ಕ್ಯಾಮೆರಾ ಇದೆಯಾ? ಇದ್ದರೆ "ಇದು ಆನ್ ಇದೆಯಾ, ಮುಚ್ಚಿ" ಅಂತ ಹೇಳಿ. ಕೇಳುವುದಕ್ಕೆ ಸಂಕೋಚ ಬೇಡ, ಮೈ ನಿಮ್ಮದು.

ಫೋಟೋ ವಿಷಯ ಇನ್ನೂ ಮುಖ್ಯ. ಮೊದಲು ಮತ್ತು ಆಮೇಲೆ ಅಂತ ಬೆನ್ನಿನ ಫೋಟೋ ತೆಗೆದು ಜಾಹೀರಾತಿಗೆ ಬಳಸುವ ಅಭ್ಯಾಸ ಈ ಕೆಲಸದಲ್ಲಿ ತುಂಬ ಇದೆ. ಮುಖ ಕಾಣದಿದ್ದರೂ ಮಚ್ಚೆ, ಹಚ್ಚೆ, ಸರ ನೋಡಿ ಗೊತ್ತಿರುವವರು ಗುರುತು ಹಿಡಿಯುತ್ತಾರೆ. ಬೇಡ ಅಂದರೆ ಬೇಡ ಅಂತ ಶುರುವಿನಲ್ಲೇ ಹೇಳಿ. ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದರೆ ಪೂರ್ತಿ ಓದಿ. ಫೋಟೋ ಒಪ್ಪಿಗೆ ಅದರ ಕೊನೆಯಲ್ಲಿ ಸೇರಿಕೊಂಡಿದ್ದರೆ ಆ ಸಾಲಿಗೆ ಗೀಟು ಎಳೆದು ಆಮೇಲೆ ಸಹಿ ಹಾಕಿ.

ಚಿಕಿತ್ಸಕಿ ಈಗ ನಿಮ್ಮ ಕಾಯಿಲೆ, ಮಾತ್ರೆ, ಮುಟ್ಟು, ಬಸಿರು ಎಲ್ಲ ಕೇಳಬೇಕು. ಬಿಪಿ ನೋಡಬೇಕು. ಎಲ್ಲೆಲ್ಲಿ ಕಪ್ ಇಡುತ್ತೇನೆ, ಎಷ್ಟು ಇಡುತ್ತೇನೆ ಅಂತ ಹೇಳಬೇಕು. ಭುಜ ನೋವಿಗೆ ಬಂದವರ ಹೊಟ್ಟೆಗೋ ತೊಡೆಗೋ ಕಪ್ ಇಡಲು ಹೊರಟರೆ ಯಾಕೆ ಅಂತ ಕೇಳಿ, ಉತ್ತರ ಸರಿ ಅನಿಸದಿದ್ದರೆ ಬೇಡ ಅನ್ನಿ. ಮಾಡುತ್ತಿರುವ ಜಾಗ ಮಾತ್ರ ತೆರೆದಿರಬೇಕು, ಮಿಕ್ಕ ಮೈ ಮುಚ್ಚಿರಬೇಕು. ಮಾಡುವವರು ಹೆಂಗಸು ಅಂದ ಮಾತ್ರಕ್ಕೆ ಈ ಮರ್ಯಾದೆ ಕಡಿಮೆಯಾಗಬಾರದು.

6. ಬ್ಲೇಡ್, ಕಪ್, ಗ್ಲೌಸ್: ಕಣ್ಣಾರೆ ನೋಡಬೇಕಾದ್ದು

ವೆಟ್ ಕಪ್ಪಿಂಗ್ ಮಾಡಿಸುವವರು ಈ ಹಂತವನ್ನು ಎರಡು ಸಲ ಓದಿ.

ಬ್ಲೇಡ್ ಸೀಲ್ ಆಗಿರುವ ಪೊಟ್ಟಣದಲ್ಲಿ ಇರಬೇಕು, ನಿಮ್ಮೆದುರೇ ಬಿಚ್ಚಬೇಕು, ಮುಗಿದ ಮೇಲೆ ಚೂಪು ವಸ್ತುಗಳ ಗಟ್ಟಿ ಡಬ್ಬಿಗೆ ಹೋಗಬೇಕು. ಸ್ಪಿರಿಟ್‌ನಲ್ಲಿ ಒರೆಸಿದ ಬ್ಲೇಡ್ ಹೊಸ ಬ್ಲೇಡ್ ಅಲ್ಲ.

ರಕ್ತ ಬೀಳುವ ಕಪ್ ಒಬ್ಬರಿಗೆ ಒಂದೇ ಸಲ ಬಳಸುವಂಥದ್ದಾಗಿದ್ದರೆ ಎಲ್ಲಕ್ಕಿಂತ ಒಳ್ಳೆಯದು. ಗಾಜಿನ ಕಪ್ ಆದರೆ ತೊಳೆದು ಆಟೋಕ್ಲೇವ್ ಮಾಡಿರಬೇಕು. ಆಟೋಕ್ಲೇವ್ ಅಂದರೆ ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಬಿಸಿಯಲ್ಲಿ ಗೊತ್ತಾದ ಸಮಯ ಇಟ್ಟು ರೋಗಾಣುಗಳನ್ನು ಪೂರ್ತಿ ಕೊಲ್ಲುವ ಯಂತ್ರ. ಆಪರೇಷನ್ ಥಿಯೇಟರ್‌ಗಳಲ್ಲಿ ಉಪಕರಣಗಳಿಗೆ ಬಳಸುವುದು ಇದನ್ನೇ. ಸೋಪು ನೀರು, ಬಿಸಿ ನೀರು, ನೀಲಿ ಬೆಳಕಿನ (ಯುವಿ) ಡಬ್ಬಿ, ಇವು ಆಟೋಕ್ಲೇವ್‌ಗೆ ಸಮ ಅಲ್ಲ. ತೆಳುವಾದ ಪ್ಲಾಸ್ಟಿಕ್ ಕಪ್ಪುಗಳು ಸಾಮಾನ್ಯವಾಗಿ ಆ ಬಿಸಿ ತಡೆಯುವುದಿಲ್ಲ, ಹಾಗಾಗಿ ರಕ್ತ ತಾಗಿದ ಪ್ಲಾಸ್ಟಿಕ್ ಕಪ್ ಅನ್ನು "ಕ್ಲೀನ್ ಮಾಡಿದ್ದೇವೆ" ಅಂದರೆ ಒಪ್ಪಬೇಡಿ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ಯಕೃತ್ತಿಗೆ ಸೋಂಕು ತರುವ ಹೆಪಟೈಟಿಸ್ ಬಿ ವೈರಸ್ ಮೈಯಿಂದ ಹೊರಗೆ, ಒಣಗಿದ ರಕ್ತದಲ್ಲೂ ಕಡಿಮೆ ಅಂದರೆ ಏಳು ದಿನ ಜೀವ ಹಿಡಿದುಕೊಂಡಿರಬಲ್ಲದು. ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಹಿಂದಿನ ಸೋಮವಾರ ಬಂದವರ ಕಪ್ ಈ ಭಾನುವಾರ ನಿಮ್ಮ ಗೀರಿನ ಮೇಲೆ ಬರಬಹುದು ಅಂತ ಯೋಚಿಸಿ. ಈ ಕಾಯಿಲೆಗೆ ಲಸಿಕೆ ಇದೆ, ಹಾಕಿಸಿಕೊಳ್ಳದಿದ್ದರೆ ಹಾಕಿಸಿಕೊಳ್ಳಿ. ಹೆಪಟೈಟಿಸ್ ಸಿ ಕಾಯಿಲೆಗೆ ಲಸಿಕೆಯೂ ಇಲ್ಲ.

ಗಾಳಿ ಎಳೆಯುವ ಪಂಪ್ ಯಾರೂ ಗಮನಿಸದ ಜಾಗ. ಕಪ್ ತುಂಬಿ ರಕ್ತ ಮೇಲೆ ಏರಿದರೆ ಪಂಪಿನ ಬಾಯಿಗೆ ತಾಗುತ್ತದೆ, ಅದೇ ಪಂಪ್ ಮುಂದಿನವರಿಗೆ ಹೋಗುತ್ತದೆ. ಪಂಪ್ ಮೇಲೆ ಒಣಗಿದ ಕಲೆ ಕಂಡರೆ ಎದ್ದು ಬನ್ನಿ.

ಗ್ಲೌಸ್ ನಿಮಗಾಗಿ ಹೊಸದಾಗಿ ಹಾಕಿಕೊಳ್ಳಬೇಕು. ಗ್ಲೌಸ್ ಹಾಕಿದ ಕೈಯಲ್ಲೇ ಫೋನ್ ಎತ್ತಿ, ಬಾಗಿಲು ತೆಗೆದು, ಮತ್ತೆ ಬಂದು ನಿಮ್ಮ ಗಾಯ ಮುಟ್ಟಿದರೆ ಆ ಗ್ಲೌಸ್ ಹಾಕಿ ಏನು ಪ್ರಯೋಜನ? "ಬದಲಾಯಿಸಿ" ಅನ್ನಿ. ಗೀರುವ ಮುಂಚೆ ಚರ್ಮವನ್ನು ಆಂಟಿಸೆಪ್ಟಿಕ್‌ನಿಂದ ಒರೆಸಿ ಒಣಗಲು ಬಿಡಬೇಕು. ಹಾಸಿಗೆಯ ಮೇಲಿನ ಹಾಳೆಯೂ ಹೊಸದಾಗಿರಬೇಕು.

ಫೈರ್ ಕಪ್ಪಿಂಗ್ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ, ಪಂಪ್ ಇರುವಾಗ ಬೆಂಕಿ ಬೇಡ. ಸ್ಪಿರಿಟ್ ಹನಿ ಚರ್ಮದ ಮೇಲೆ ಬಿದ್ದು ಸುಟ್ಟ ಪ್ರಕರಣಗಳು ನಿಜವಾಗಿ ಆಗಿವೆ.

7. ಕಪ್ ಇಟ್ಟಿರುವಾಗ

ಮೊದಲ ಸಲ ಡ್ರೈ ಕಪ್ಪಿಂಗ್ ಮಾತ್ರ ಮಾಡಿಸಿ, ನಾಲ್ಕೈದು ಕಪ್ ಸಾಕು, ಎಳೆತ ಕಡಿಮೆ ಇರಲಿ. ನಿಮ್ಮ ಚರ್ಮ ಹೇಗೆ ತಡೆಯುತ್ತದೆ ಅಂತ ಗೊತ್ತಾಗುತ್ತದೆ.

ಬಿಗಿಯಾದ ಎಳೆತ ಅನಿಸುವುದು ಸಹಜ. ಚುಚ್ಚುವ ನೋವು, ಉರಿ, ಮರಗಟ್ಟುವುದು ಸಹಜ ಅಲ್ಲ. ತಕ್ಷಣ ಹೇಳಿ. ಕಪ್ ಮೇಲಿನ ವಾಲ್ವ್ ಎತ್ತಿದರೆ ಗಾಳಿ ಒಳಗೆ ಹೋಗಿ ಕಪ್ ಕ್ಷಣದಲ್ಲಿ ಸಡಿಲ ಆಗುತ್ತದೆ, ಅವರಿಗೆ ಅದೇನೂ ಕಷ್ಟದ ಕೆಲಸ ಅಲ್ಲ. "ಸ್ವಲ್ಪ ತಡ್ಕೊಳ್ಳಿ, ನೋವಾದ್ರೇನೇ ಗುಣ" ಅನ್ನುವ ಮಾತಿಗೆ ಸುಮ್ನೆ ಇರಬೇಡಿ.

ಒಂದೇ ಜಾಗದಲ್ಲಿ ಐದರಿಂದ ಹತ್ತು ನಿಮಿಷ ಸಾಮಾನ್ಯ. ಅದಕ್ಕಿಂತ ತುಂಬ ಹೊತ್ತು ಬಿಟ್ಟರೆ, ಅಥವಾ ಎಳೆತ ಅತಿಯಾದರೆ ನೀರ್ಗುಳ್ಳೆ ಏಳುತ್ತದೆ. ಗುಳ್ಳೆ ಬಂದರೆ "ವಿಷ ಹೊರಗೆ ಬಂತು" ಅನ್ನುತ್ತಾರೆ. ಇಲ್ಲ, ಚರ್ಮಕ್ಕೆ ಪೆಟ್ಟಾಗಿದೆ, ಅಷ್ಟೇ. ಕಪ್ ಇಟ್ಟು ನಿಮ್ಮನ್ನು ಒಬ್ಬರನ್ನೇ ಬಿಟ್ಟು ಹೊರಗೆ ಹೋಗುವ ಚಿಕಿತ್ಸಕಿ ಬೇಡ.

ಕುತ್ತಿಗೆಯ ಮುಂಭಾಗ, ಕಣ್ಣಿನ ಸುತ್ತ, ಸ್ತನ, ಮಚ್ಚೆ, ಗಾಯ, ಗಂಟು, ಉಬ್ಬಿದ ನರ, ಇವುಗಳ ಮೇಲೆ ಕಪ್ ಬರಬಾರದು. ಬೆನ್ನಿನಲ್ಲಿ ಮೂಳೆಯ ಮೇಲಲ್ಲ, ಪಕ್ಕದ ಮಾಂಸದ ಮೇಲೆ.

ಬೆವರು, ವಾಕರಿಕೆ, ಕಣ್ಣು ಮಂಜಾಗುವುದು, ಕಿವಿಯಲ್ಲಿ ಗುಂಯ್ ಅನ್ನುವುದು ಶುರುವಾದರೆ ತಲೆಸುತ್ತು ಬರಲಿದೆ ಅಂತ ಅರ್ಥ. ಹೇಳಿಬಿಡಿ. ಕಪ್ ತೆಗೆದು, ಅಂಗಾತ ಮಲಗಿಸಿ, ಕಾಲು ಎತ್ತರಕ್ಕೆ ಇಟ್ಟರೆ ಹೆಚ್ಚಿನವರು ಕೆಲವೇ ನಿಮಿಷದಲ್ಲಿ ಸರಿಹೋಗುತ್ತಾರೆ. ಅವತ್ತಿಗೆ ಅಲ್ಲಿಗೇ ನಿಲ್ಲಿಸಿ.

8. ಮುಗಿದ ಮೇಲೆ

ಗಬಕ್ಕನೆ ಏಳಬೇಡಿ. ಎದ್ದು ಕುಳಿತು, ನೀರು ಕುಡಿದು, ಹತ್ತು ನಿಮಿಷ ಬಿಟ್ಟು ಹೊರಡಿ.

ದುಂಡನೆಯ ಕೆಂಪು ಅಥವಾ ನೇರಳೆ ಕಲೆ ಬಂದೇ ಬರುತ್ತದೆ. ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳು ಒಡೆದು ಬರುವ ಕಲೆ ಅದು. ಕಲೆ ಗಾಢವಾದಷ್ಟೂ ಕಾಯಿಲೆ ಜಾಸ್ತಿ ಅನ್ನುವುದು ಸುಳ್ಳು, ಎಳೆತ ಎಷ್ಟಿತ್ತು, ಎಷ್ಟು ಹೊತ್ತು ಇತ್ತು, ಚರ್ಮ ಎಂಥದ್ದು ಅನ್ನುವುದರ ಮೇಲೆ ಅದು ನಿಂತಿರುತ್ತದೆ. ಕೆಲವು ದಿನದಿಂದ ಎರಡು ವಾರದೊಳಗೆ ಹೋಗುತ್ತದೆ. ಕಂದು ಮತ್ತು ಕಪ್ಪು ಚರ್ಮದವರಿಗೆ, ಗೀರು ಹಾಕಿದ ಜಾಗದಲ್ಲಿ ಮಾಸಲು ಗುರುತು ತಿಂಗಳುಗಟ್ಟಲೆ ಉಳಿಯಬಹುದು. ಇದನ್ನು ಮುಂಚೆಯೇ ತಿಳಿದುಕೊಂಡು ಒಪ್ಪಿ. ವಾಸಿಯಾಗುವವರೆಗೆ ಆ ಜಾಗಕ್ಕೆ ಬಿಸಿಲು ಬೀಳದಿದ್ದರೆ ಗುರುತು ಕಡಿಮೆ.

ಡ್ರೈ ಆದರೆ ಅವತ್ತು ತುಂಬ ಬಿಸಿ ನೀರಿನ ಸ್ನಾನ ಬೇಡ, ಬೇರೆ ಪಥ್ಯ ಏನೂ ಇಲ್ಲ. ವೆಟ್ ಆದರೆ 24 ಗಂಟೆ ಗಾಯ ಒದ್ದೆ ಮಾಡಬೇಡಿ, ಬ್ಯಾಂಡೇಜ್ ಒದ್ದೆಯಾದರೆ ಬದಲಾಯಿಸಿ. ಗೀರು ಮುಚ್ಚುವವರೆಗೆ ಈಜು, ಜಿಮ್, ಬೆವರು ಹರಿಯುವ ಕೆಲಸ ಬೇಡ. ಎರಡನೇ ಮೂರನೇ ದಿನ ತುರಿಕೆ ಬರುತ್ತದೆ, ಕೆರೆಯಬೇಡಿ. ಗಾಯದ ಮೇಲೆ ಅರಿಶಿನ, ಜೇನು, ಬೂದಿ ಅಂತ ಮನೆಯಲ್ಲಿ ಸಿಕ್ಕಿದ್ದನ್ನು ಹಚ್ಚಬೇಡಿ.

ಡಾಕ್ಟರ್ ಹತ್ತಿರ ಹೋಗಬೇಕಾದ್ದು ಯಾವಾಗ? ಕೆಂಪು ದಿನದಿಂದ ದಿನಕ್ಕೆ ಹರಡುತ್ತಿದ್ದರೆ, ಕೀವು ಬಂದರೆ, ಜ್ವರ ಬಂದರೆ, ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ. ಹಿಂದಿನವರ ಬ್ಲೇಡ್ ಅಥವಾ ಕಪ್ ನಿಮಗೆ ಬಳಸಿದರು ಅನ್ನುವ ಅನುಮಾನ ಬಂದರೆ ಅದೇ ದಿನ ಹೋಗಿ, ನಡೆದದ್ದನ್ನು ಇದ್ದ ಹಾಗೇ ಹೇಳಿ. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಬೇಗ ಮಾಡಿದಷ್ಟೂ ಒಳ್ಳೆಯದು. ಹೆಪಟೈಟಿಸ್ ಬಿ ಲಸಿಕೆಯದೂ ಹಾಗೇ, ತಡ ಮಾಡಿದಷ್ಟೂ ಕೆಲಸ ಕಡಿಮೆ. ನಾಚಿಕೆಯಿಂದ ಮೂರು ದಿನ ಕಾಯಬೇಡಿ.

9. ಮತ್ತೆ ಯಾವಾಗ?

ಹಳೆಯ ಕಲೆ ಪೂರ್ತಿ ಹೋಗುವವರೆಗೆ ಅದೇ ಜಾಗದಲ್ಲಿ ಮತ್ತೆ ಬೇಡ. ಮೂರು ನಾಲ್ಕು ಸಲ ಮಾಡಿಸಿದರೂ ನೋವು ಹಾಗೇ ಇದ್ದರೆ ನಿಲ್ಲಿಸಿ, ನೋವಿಗೆ ಬೇರೆ ಕಾರಣ ಇರಬಹುದು, ತೋರಿಸಿ. ಮೊದಲ ದಿನವೇ ಹತ್ತು ಸಲದ ಪ್ಯಾಕೇಜ್‌ಗೆ ದುಡ್ಡು ಕಟ್ಟಬೇಡಿ. ಕಟ್ಟಿದ ದುಡ್ಡಿನ ಆಸೆಗೆ ಬೇಡವಾದರೂ ಹೋಗುವ ಹಾಗೆ ಆಗುತ್ತದೆ.

ವೆಟ್ ಕಪ್ಪಿಂಗ್ ಆಗಾಗ ಮಾಡಿಸುವವರು ಹಿಮೋಗ್ಲೋಬಿನ್ ನೋಡಿಸುತ್ತಾ ಇರಿ. ರಕ್ತದಾನ ಮಾಡುವ ಅಭ್ಯಾಸ ಇರುವವರು ರಕ್ತನಿಧಿಯಲ್ಲಿ ಇದನ್ನು ಮುಂಚೆಯೇ ಹೇಳಿ.

ಇನ್ನು ಮನೆಯಲ್ಲೇ ಮಾಡಿಕೊಳ್ಳಬಹುದಾ ಅನ್ನುವವರಿಗೆ: ಸಿಲಿಕೋನ್ ಕಪ್ ತಂದು, ಎಣ್ಣೆ ಹಚ್ಚಿ, ತೊಡೆ ಅಥವಾ ಭುಜದ ದಪ್ಪ ಮಾಂಸದ ಮೇಲೆ ಕೆಲವೇ ನಿಮಿಷ ಹಗುರವಾಗಿ ಎಳೆದು ನೋಡಬಹುದು. ಎರಡನೇ ಹಂತದಲ್ಲಿ ಹೇಳಿದ್ದೆಲ್ಲ ಇಲ್ಲಿಗೂ ಅನ್ವಯಿಸುತ್ತದೆ. ಕಪ್ ನಿಮ್ಮೊಬ್ಬರದೇ ಆಗಿರಲಿ, ಅಕ್ಕತಂಗಿಯರು ಹಂಚಿಕೊಳ್ಳುವುದು ಬೇಡ. ಆನ್‌ಲೈನ್‌ನಲ್ಲಿ ಬ್ಲೇಡ್ ಸಮೇತ ಸಿಗುವ ಕಿಟ್ ತರಿಸಿ, ವಿಡಿಯೋ ನೋಡಿಕೊಂಡು ಒಬ್ಬರ ಬೆನ್ನಿಗೆ ಒಬ್ಬರು ಗೀರಿಕೊಳ್ಳುವುದನ್ನು ಮಾತ್ರ ಯಾವತ್ತೂ ಮಾಡಬೇಡಿ.